ಅಮೆರಿಕ ಚುನಾವಣೆ ಶೀಟ್, ಭಾಗ 2: ರಾಷ್ಟ್ರೀಯ ಸಮೀಕ್ಷೆಯನ್ನು ಯಾಕೆ ಬಿಸಾಕಲಿಲ್ಲ

ಅಮೆರಿಕ ಅಧ್ಯಕ್ಷೀಯ ಚುನಾವಣೆಯ ಸಮೀಕ್ಷೆಗಳನ್ನು ತೂಗಿ ನೋಡಲು ನಾನು ಮಾಡುತ್ತಿರುವ ಸ್ಪ್ರೆಡ್‌ಶೀಟಿನ ಎರಡನೇ ಭಾಗ ಒಂದು ಹಂತಕ್ಕೆ ಬಂತು. 2012ರಿಂದ 2024ರವರೆಗಿನ ನಾಲ್ಕು ಅಧ್ಯಕ್ಷೀಯ ಚುನಾವಣೆಗಳ ಫಲಿತಾಂಶ ರಾಜ್ಯವಾರು ತುಂಬಿ ಆಯ್ತು, ಪಕ್ಕದಲ್ಲಿ ಕೊನೆ ವಾರದ ಸಮೀಕ್ಷೆಗಳ ಸರಾಸರಿ ಕೂತಿದೆ. ಭವಿಷ್ಯ ಹೇಳುವ ಆಸೆ ನನಗಿಲ್ಲ. ಇಡೀ ದೇಶದ ಸಮೀಕ್ಷೆಗೆ ಎಷ್ಟು ತೂಕ ಕೊಡಬೇಕು, ರಾಜ್ಯದ ಸಮೀಕ್ಷೆಗೆ ಎಷ್ಟು, ಅಷ್ಟೇ ಪ್ರಶ್ನೆ.

ಗೊತ್ತಿರುವ ವಿಷಯ ಬೇಗ ಮುಗಿಸ್ತೀನಿ. ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳಿಗೆ ಹಂಚಿದ ಎಲೆಕ್ಟೋರಲ್ ಮತಗಳು. ಒಟ್ಟು 538, ಗೆಲ್ಲಲು 270. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ, ರಾಜ್ಯದಲ್ಲಿ ಒಂದೇ ಮತ ಜಾಸ್ತಿ ಬಂದರೂ ಅಲ್ಲಿನದೆಲ್ಲ ಗೆದ್ದವರಿಗೇ. ನಮ್ಮಲ್ಲೂ 2018ರಲ್ಲಿ ಕಾಂಗ್ರೆಸ್‌ಗೆ ಮತ ಜಾಸ್ತಿ ಬಂದು ಬಿಜೆಪಿಗೆ 104 ಸೀಟು ಬಂತಲ್ವಾ, ಹಾಗಾಗಿ ಇದು ಕನ್ನಡದವರಿಗೆ ವಿಚಿತ್ರ ಅನಿಸಬಾರದು. ಇಷ್ಟು ತಿಳಿದ ತಕ್ಷಣ ಸುಮಾರು ಜನ "ಹಾಗಾದ್ರೆ ರಾಷ್ಟ್ರೀಯ ಸಮೀಕ್ಷೆ ಸುಮ್ನೆ ದಂಡ" ಅಂದುಬಿಡುತ್ತಾರೆ.

2012ರ ಸಾಲು ನೋಡಿದರೆ ಅವರ ಮಾತು ನಿಜ. ದೇಶದ ಸರಾಸರಿಯಲ್ಲಿ ಒಬಾಮ ಕೂದಲೆಳೆಯಷ್ಟು ಮುಂದೆ, ಗ್ಯಾಲಪ್ ಸಂಸ್ಥೆಯ ಕೊನೆ ಸಮೀಕ್ಷೆಯಲ್ಲಂತೂ ಎದುರಾಳಿ ರಾಮ್ನಿ 49, ಒಬಾಮ 48. ಆದರೆ ಓಹಾಯೋದಂಥ ಕಡೆ ರಾಜ್ಯ ಸಮೀಕ್ಷೆಗಳು ಒಬಾಮ ಕಡೆಗೇ ವಾಲಿದ್ದವು. ಕೊನೆಗೆ ಅವರು ಶೇಕಡಾವಾರು ಮತದಲ್ಲಿ ಸುಮಾರು 4 ಪಾಯಿಂಟ್‌ನಿಂದ, 332 ಎಲೆಕ್ಟೋರಲ್ ಮತಗಳೊಂದಿಗೆ ಗೆದ್ದರು.

ಮುಂದಿನ ಸಾಲಿಗೆ ಬಂದರೆ ಕಥೆ ಉಲ್ಟಾ. 2016ರಲ್ಲಿ ದೇಶದ ಸರಾಸರಿ ಹಿಲರಿ ಕ್ಲಿಂಟನ್‌ಗೆ ಸುಮಾರು 3 ಪಾಯಿಂಟ್ ಮುನ್ನಡೆ ಕೊಟ್ಟಿತ್ತು, ಬಂದದ್ದು 2.1. ಇದಕ್ಕಿಂತ ಹತ್ತಿರ ಇನ್ನೇನು ಬೇಕು? ಕೈಕೊಟ್ಟದ್ದು ರಾಜ್ಯದ ಸಮೀಕ್ಷೆಗಳು. ವಿಸ್ಕಾನ್ಸಿನ್‌ನಲ್ಲಿ 6ರ ಆಸುಪಾಸು ಮುಂದಿದ್ದ ಕ್ಲಿಂಟನ್ ಅಲ್ಲಿ 22,748 ಮತಗಳಿಂದ ಸೋತರು. ಪದವಿ ಓದಿದವರು ಸಮೀಕ್ಷೆಗೆ ಜಾಸ್ತಿ ಸಿಗುತ್ತಾರೆ, ಅವರಲ್ಲಿ ಕ್ಲಿಂಟನ್ ಬೆಂಬಲಿಗರೂ ಜಾಸ್ತಿ. ಆ ಏರುಪೇರನ್ನು ಲೆಕ್ಕದಲ್ಲಿ ಸರಿಮಾಡುವ ಕೆಲಸವನ್ನು ಹಲವು ರಾಜ್ಯ ಸಮೀಕ್ಷೆಗಳು ಮಾಡಿರಲೇ ಇಲ್ಲ. ಜೊತೆಗೆ, ಕೊನೆ ದಿನಗಳಲ್ಲಿ ಮನಸ್ಸು ಮಾಡಿದವರು ಅಲ್ಲಿ ಟ್ರಂಪ್ ಕಡೆ ಹೋದರು.

2020ರಲ್ಲಿ ಎರಡೂ ಒಟ್ಟಿಗೇ ತಪ್ಪಿದವು, ಅದೂ ಒಂದೇ ದಿಕ್ಕಿಗೆ. ದೇಶದಲ್ಲಿ ಬೈಡನ್ ಸುಮಾರು 8 ಮುಂದೆ ಅಂದರು, ಬಂದದ್ದು 4.5. ವಿಸ್ಕಾನ್ಸಿನ್‌ನಲ್ಲೂ ಸುಮಾರು 8 ಅಂದರು, ಅಲ್ಲಿ ಬಂದದ್ದು 0.6. ಆ ರಾಜ್ಯದಲ್ಲಿ ಒಂದು ಸಮೀಕ್ಷೆ 17 ಪಾಯಿಂಟ್ ಮುನ್ನಡೆ ತೋರಿಸಿತ್ತು!

ಈ ಭಾಗದಲ್ಲಿ ನನಗೆ ತುಂಬಾ ಇಷ್ಟವಾದದ್ದು ಹೊಸದಾಗಿ ಸೇರಿಸಿದ ಒಂದು ಕಾಲಮ್. ಗೆದ್ದವರ ರಾಜ್ಯಗಳನ್ನು ದೊಡ್ಡ ಅಂತರದಿಂದ ಚಿಕ್ಕದಕ್ಕೆ ಜೋಡಿಸಿ ಎಲೆಕ್ಟೋರಲ್ ಮತ ಕೂಡಿಸುತ್ತಾ ಹೋಗಬೇಕು, 270 ದಾಟಿಸುವ ರಾಜ್ಯವೇ ನಿರ್ಣಾಯಕ. ಆ ರಾಜ್ಯದ ಅಂತರಕ್ಕೂ ದೇಶದ ಅಂತರಕ್ಕೂ ಎಷ್ಟು ವ್ಯತ್ಯಾಸ ಅನ್ನುವುದೇ ಈ ಕಾಲಮ್. 2012ರಲ್ಲಿ ಅದು ಒಬಾಮ ಕಡೆಗೆ 1.5. 2016ರಲ್ಲಿ ಟ್ರಂಪ್ ಕಡೆಗೆ 3ರ ಹತ್ತಿರ, 2020ರಲ್ಲೂ ಅವರ ಕಡೆಗೇ 4ರ ಹತ್ತಿರ. "ಡೆಮಾಕ್ರಟಿಕ್ ಪಕ್ಷ (ಒಬಾಮ, ಕ್ಲಿಂಟನ್, ಬೈಡನ್ ಅವರದು) ದೇಶದಲ್ಲಿ 3 ಪಾಯಿಂಟ್ ಮುಂದಿರದಿದ್ದರೆ ಕಷ್ಟ" ಅನ್ನುವ ಮಾತು ಎಲ್ಲರ ಬಾಯಲ್ಲಿ ಓಡಾಡಿದ್ದು ಇದರಿಂದಲೇ. 2024ರಲ್ಲಿ ನೋಡಿದರೆ ದೇಶದಲ್ಲಿ ಟ್ರಂಪ್ 1.5 ಮುಂದೆ, ನಿರ್ಣಾಯಕ ರಾಜ್ಯ ಪೆನ್ಸಿಲ್ವೇನಿಯಾದಲ್ಲಿ 1.7. ವ್ಯತ್ಯಾಸ ಹೆಚ್ಚುಕಮ್ಮಿ ಸೊನ್ನೆ! ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ, ಫ್ಲಾರಿಡಾದಂಥ ದೊಡ್ಡ ರಾಜ್ಯಗಳು ಪೈಪೋಟಿಯ ರಾಜ್ಯಗಳಿಗಿಂತ ಜಾಸ್ತಿ ಟ್ರಂಪ್ ಕಡೆ ಸರಿದಿದ್ದವು. ಹಾಗಾಗಿ ಹಳೆ ಚುನಾವಣೆಯ ವ್ಯತ್ಯಾಸವನ್ನು ಸೂತ್ರದಲ್ಲಿ ಕಾಯಂ ಮಾಡಿ ಇಡೋ ಹಾಗಿಲ್ಲ. ಅದನ್ನು ಪ್ರತಿ ಸಲ ಆ ವರ್ಷದ ರಾಜ್ಯ ಸಮೀಕ್ಷೆಗಳಿಂದಲೇ ಹೊಸದಾಗಿ ತೆಗೆಯಬೇಕು.

ಸದ್ಯ ಶೀಟ್ ಕೆಲಸ ಮಾಡುವುದು ಹೀಗೆ. ಗಾಳಿ ಯಾವ ಕಡೆ ತಿರುಗಿದೆ ಅನ್ನುವುದನ್ನು ರಾಷ್ಟ್ರೀಯ ಸಮೀಕ್ಷೆಯಿಂದ ತಗೋತೀನಿ, ಯಾವ ರಾಜ್ಯ ದೇಶಕ್ಕಿಂತ ಎಷ್ಟು ಆಚೆ ಈಚೆ ಅನ್ನುವುದನ್ನು ರಾಜ್ಯದ ಸಮೀಕ್ಷೆಯಿಂದ. ವಾರಗಟ್ಟಲೆ ಹೊಸ ಸಮೀಕ್ಷೆ ಬರದ ರಾಜ್ಯವನ್ನು ದೇಶ ಸರಿದಷ್ಟೇ ಶೀಟ್ ಸರಿಸುತ್ತದೆ. ವಯೋಮಿಂಗ್‌ಗೆ ಹೋಗಿ ಯಾರು ಸಮೀಕ್ಷೆ ಮಾಡ್ತಾರೆ ಹೇಳಿ? ಇನ್ನು 600 ಜನರ ಸಮೀಕ್ಷೆಯಲ್ಲಿ ಒಬ್ಬ ಅಭ್ಯರ್ಥಿಯ ಅಂಕಿಗೇ 4 ಪಾಯಿಂಟ್ ಹಿಂದೆಮುಂದೆ ಆಗಬಹುದು. ಇಬ್ಬರ ನಡುವಿನ ಅಂತರಕ್ಕೆ ಅದರ ಹೆಚ್ಚುಕಮ್ಮಿ ಎರಡರಷ್ಟು. ಹಾಗಾಗಿ "ಪೆನ್ಸಿಲ್ವೇನಿಯಾದಲ್ಲಿ 2 ಪಾಯಿಂಟ್ ಮುನ್ನಡೆ" ಅನ್ನುವ ಸುದ್ದಿಗೆ ಶೀಟ್ ಅಲ್ಲಾಡುವುದೂ ಇಲ್ಲ.

2024ರ ಕೊನೆ ವಾರದ ಅಯೋವಾ ಸಮೀಕ್ಷೆಯನ್ನು ಬೇಕಂತಲೇ ಹಾಕಿ ನೋಡಿದೆ. ಹೆಸರು ಮಾಡಿದ ಆ ಸಮೀಕ್ಷೆ ಕಮಲಾ ಹ್ಯಾರಿಸ್‌ಗೆ 3 ಮುನ್ನಡೆ ಕೊಟ್ಟಿತ್ತು, ಗೆದ್ದದ್ದು ಟ್ರಂಪ್, 13ರಿಂದ. ದೇಶದ ಅಂಕಿಯೂ ಅಕ್ಕಪಕ್ಕದ ರಾಜ್ಯಗಳ ಅಂಕಿಯೂ ಅದರ ಜೊತೆಗೆ ಹೋಗದೆ ಇದ್ದದ್ದರಿಂದ ಒಟ್ಟು ಲೆಕ್ಕ ಅಷ್ಟೇನೂ ಕದಲಲಿಲ್ಲ. ಎರಡು ಬಗೆಯ ಸಮೀಕ್ಷೆಯನ್ನೂ ಇಟ್ಟುಕೊಂಡಿದ್ದರ ಲಾಭ ಇದು.

ಮುಂದಿನ ಕೆಲಸ ಸ್ವಲ್ಪ ಕಷ್ಟದ್ದು: ರಾಜ್ಯಗಳ ಸಮೀಕ್ಷೆ ಒಟ್ಟಿಗೇ ತಪ್ಪುವುದನ್ನು ಲೆಕ್ಕಕ್ಕೆ ತರುವುದು. ವಿಸ್ಕಾನ್ಸಿನ್, ಮಿಷಿಗನ್, ಪೆನ್ಸಿಲ್ವೇನಿಯಾ ಮೂರೂ 1992ರಿಂದ ಪ್ರತಿ ಸಲ ಒಬ್ಬರಿಗೇ ಒಲಿದಿವೆ. ಸಮೀಕ್ಷೆ ಒಂದರಲ್ಲಿ ತಪ್ಪಿದರೆ ಉಳಿದೆರಡರಲ್ಲೂ ಅದೇ ಕಡೆಗೆ ತಪ್ಪುವ ಸಂಭವ ಜಾಸ್ತಿ. ಮೂರೂ ಸರಿಸಮ ಪೈಪೋಟಿ ಅಂತಿಟ್ಟುಕೊಳ್ಳಿ. ಒಂದಕ್ಕೊಂದು ಸಂಬಂಧ ಇಲ್ಲ ಅಂತ ಲೆಕ್ಕ ಹಾಕಿದರೆ ಮೂರನ್ನೂ ಇಬ್ಬರಲ್ಲಿ ನಿರ್ದಿಷ್ಟ ಒಬ್ಬ ಅಭ್ಯರ್ಥಿ ಬಾಚಿಕೊಳ್ಳುವ ಸಾಧ್ಯತೆ ಎಂಟರಲ್ಲಿ ಒಂದು, ಪೂರ್ತಿ ಸಂಬಂಧ ಇದೆ ಅಂದರೆ ಎರಡರಲ್ಲಿ ಒಂದು. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ 2008 ಮತ್ತು 2004ರ ಸಮೀಕ್ಷೆಗಳನ್ನೂ ಶೀಟಿಗೆ ಹಾಕಬೇಕಾಗಿದೆ. 2004ರದ್ದು ಶುರು ಮಾಡಿದ್ದೀನಿ.