ಮಾಮಾ, ಇದ್ರಲ್ಲಿ ಯಾವುದು ಚೆನ್ನಾಗಿದೆ?

ಭಾನುವಾರ, ಮೇ 11, 2025

ಬೇಸಿಗೆ ರಜೆಗೆ ಅಕ್ಕನ ಮಗ ಬಂದಿದ್ದಾನೆ. ಆರು ವರ್ಷ. ಅವನ ಹತ್ತಿರ, ರೂಪ ಬದಲಿಸುವ ಟ್ರಾನ್ಸ್‌ಫಾರ್ಮರ್ಸ್ ರೋಬೋ ಗೊಂಬೆಗಳ ಪೈಕಿ ಒಂದು ಹಳದಿ ಬಂಬಲ್‌ಬೀ ಇದೆ, ಒಂದೇ ಏಟಿಗೆ ಕಾರಿನಿಂದ ರೋಬೋ ಆಗುವ ಜಾತಿಯದು. ನನ್ನ ಕಪಾಟಿನಲ್ಲಿರುವುದು ಟಕಾರಾ ಟೋಮಿ ಕಂಪನಿಯವರು ಸಂಗ್ರಹಕಾರರಿಗೆ ಅಂತ ಮಾಡುವ ಮಾಸ್ಟರ್‌ಪೀಸ್ ಸಾಲಿನ ಎಂಪಿ-10. ಅಂದರೆ 2011ರಲ್ಲಿ ಬಂದ, ಲಾರಿಯಿಂದ ರೋಬೋ ಆಗುವ ಆಪ್ಟಿಮಸ್ ಪ್ರೈಮ್. ಎರಡನ್ನೂ ಚಾಪೆ ಮೇಲೆ ನಿಲ್ಲಿಸಿ ಕೇಳಿದ: "ಮಾಮಾ, ಇದ್ರಲ್ಲಿ ಯಾವುದು ಚೆನ್ನಾಗಿದೆ?"

ತಕ್ಷಣ ಹೇಳಲು ಆಗಲಿಲ್ಲ. ಸಂಜೆಯಿಂದ ಅದೇ ಯೋಚನೆ.

ನಮ್ಮಂಥ ಸಂಗ್ರಹಕಾರರ ಬಾಯಲ್ಲಿ ಆ ಬಂಬಲ್‌ಬೀಗೆ ಪಾಸ್ ಮಾರ್ಕೂ ಸಿಗುವುದಿಲ್ಲ. ತೋಳಿನ ಒಳಗೆ ಟೊಳ್ಳು. ಸ್ಕ್ರೂಗಳು ಎದ್ದು ಕಾಣುತ್ತವೆ. ಬಣ್ಣ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ರೋಬೋ ಆದಾಗ ಕಾರಿನ ಚಾವಣಿ ಪೂರ್ತಿ ಬೆನ್ನಿಗೇ ಅಂಟಿಕೊಂಡು, ಮೂಟೆ ಹೊತ್ತ ಹಮಾಲಿ ಥರ ಕಾಣುತ್ತದೆ. ಇದೆಲ್ಲ ನಿಜವೇ. ಆದರೆ ಇದನ್ನೆಲ್ಲ ನೋಡುವುದು ಷೋಕೇಸಿನಲ್ಲಿ ಇಡುವವರು, ಅಲ್ವಾ?

ಹುಡುಗ ಆಡುವುದನ್ನು ಸುಮ್ನೆ ಕೂತು ನೋಡಿದೆ. ಅವನು ಬಂಬಲ್‌ಬೀಯನ್ನು ನೋಡುವುದೇ ಕಮ್ಮಿ. ಕಣ್ಣೆಲ್ಲ ದಿಂಬಿನ ಸೇತುವೆ ಮೇಲೆ. ಸೇತುವೆ ಬೀಳುತ್ತದೆ, ಕಾರು ಹಾರುತ್ತದೆ, ಗಾಳಿಯಲ್ಲೇ ಲಟಕ್ ಅಂತ ರೋಬೋ ಆಗುತ್ತದೆ. ಬಾಯಲ್ಲಿ ಕಥೆ ನಡೆಯುತ್ತಲೇ ಇರುತ್ತದೆ. ಆಮೇಲೆ ಪ್ರೈಮ್ ಕೈಗೆ ಕೊಟ್ಟೆ. ಕಾಲು ಬಿಡಿಸಿದ, ಎದೆಯ ಹತ್ತಿರ ಬಂದು ಸಿಕ್ಕಿಕೊಂಡ. ಯಾವ ಫಲಕ ಮೊದಲು, ಯಾವುದು ಆಮೇಲೆ ಅಂತ ತಿಳಿಯದೆ ನನ್ನ ಮುಖ ನೋಡಿದ. ಅಲ್ಲಿಗೆ ಕಥೆ ನಿಂತಿತು.

ನನ್ನ ಪ್ರಕಾರ ಮಕ್ಕಳ ರೋಬೋಗೆ ಅಳತೆಗೋಲು ಇದೇ: ರೂಪ ಬದಲಿಸುವಾಗ ಕಥೆ ನಿಲ್ಲಬಾರದು. ದೊಡ್ಡವರಿಗೆ ಹಾಗಲ್ಲ. ರೂಪ ಬದಲಿಸುವುದೇ ನಮ್ಮ ಆಟ. ಎಂಪಿ-10ರ ಮುಂಗೈ ಒಳಗಿಂದ ಅಂಗೈ ಮಡಚಿಕೊಂಡು ಹೊರಗೆ ಬರುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ಆ ಅಂಗೈಗೂ ಒಂದು ಹಿನ್ನೆಲೆ ಇದೆ. ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್ ಗೊಂಬೆಗಳನ್ನು ತಂದು ಅಮೆರಿಕದ ಹಾಸ್ಬ್ರೋ 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಅಂತ ಮಾರಿತು. ಆ ಮೊದಲ ಪ್ರೈಮ್‌ಗೆ ಮುಷ್ಟಿಗಳು ಬಿಡಿ ತುಣುಕು. ಲಾರಿ ಮಾಡುವಾಗ ಕಿತ್ತಿಡಬೇಕು, ರೋಬೋ ಮಾಡುವಾಗ ಸಿಕ್ಕಿಸಬೇಕು. ಮಕ್ಕಳ ಕೈಯಲ್ಲಿ ಅವು ಉಳಿಯುತ್ತವೆಯೇ? ಸೋಫಾ ಸಂದಿಯಲ್ಲಿ ಹೋದವು. ಹಳೆಯ ಪ್ರೈಮ್ ಕೊಳ್ಳುವವರು ಇವತ್ತಿಗೂ ಮೊದಲು ಕೇಳುವುದು ಮುಷ್ಟಿ ಇದೆಯಾ ಅಂತಲೇ.

ಇನ್ನು ಡಬ್ಬದ ಮೇಲಿನ ವಯಸ್ಸು. ಮಾಸ್ಟರ್‌ಪೀಸ್ ಮೇಲೆ 15 ದಾಟಿದವರಿಗೆ ಅಂತ ಇರುತ್ತದೆ. ಎಷ್ಟೋ ಅಪ್ಪ ಅಮ್ಮಂದಿರು ಅದನ್ನು ಬುದ್ಧಿಯ ಲೆಕ್ಕ ಅಂದುಕೊಂಡು, "ನಮ್ಮವನು ಚುರುಕು, ಮಾಡ್ತಾನೆ ಬಿಡಿ" ಅನ್ನುತ್ತಾರೆ. ದಯವಿಟ್ಟು ಬೇಡ. ನಮ್ಮ ದೇಶದಲ್ಲಿ 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆ ನಿಯಮ 14ರ ಒಳಗಿನ ಮಕ್ಕಳು ಆಡುವ ಸಾಮಾನಿಗೆ. ಅದಕ್ಕಿಂತ ದೊಡ್ಡವರಿಗೆ ಅಂತ ಮಾಡಿದ ವಸ್ತುವಿನ ಚೂಪು, ಸಣ್ಣ ತುಣುಕು ಇವನ್ನೆಲ್ಲ ಮಕ್ಕಳ ಲೆಕ್ಕದಲ್ಲಿ ನೋಡಿರುವುದಿಲ್ಲ. ಮೂರರ ಒಳಗಿನ ಮಕ್ಕಳ ಆಟಿಕೆಗಂತೂ 31.7 ಮಿಲಿಮೀಟರ್ ಅಗಲದ ಕೊಳವೆಯಲ್ಲಿ ಇಟ್ಟು ಪರೀಕ್ಷೆ ಮಾಡುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ತುಣುಕು ಮಗುವಿನ ಗಂಟಲಿಗೂ ಇಳಿಯಬಹುದು. ಪ್ರೈಮ್‌ನ ಎದೆಯೊಳಗಿರುವ ಮ್ಯಾಟ್ರಿಕ್ಸ್ ಅನ್ನುವ ಪುಟ್ಟ ತುಣುಕನ್ನು ಈಚೆ ತೆಗೆಯಬಹುದು. ಪಕ್ಕದ ಮನೆಯ ಕೂಸು ಅಂಬೆಗಾಲಿಟ್ಟು ನಮ್ಮ ಹಾಲ್‌ಗೆ ಬರುತ್ತದೆ. ಅದಕ್ಕೇ ಮೊದಲು ಆ ಮ್ಯಾಟ್ರಿಕ್ಸನ್ನು ತೆಗೆದು ಮೇಲಿಟ್ಟೆ.

ಹಾಗಂತ ಮಕ್ಕಳದು ಎಂದ ಮಾತ್ರಕ್ಕೆ ಏನು ಕೊಟ್ಟರೂ ನಡೆಯುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಈ ಬಂಬಲ್‌ಬೀಯ ಮೊಣಕೈ ಮಡಚುವುದಿಲ್ಲ. ಭುಜ ಅಲ್ಲಾಡುತ್ತದೆ ಅಷ್ಟೆ. ಹುಡುಗ ಅದರ ಕೈಗೆ ಒಂದು ಪೆನ್ಸಿಲ್ ಕತ್ತಿ ಹಿಡಿಸಲು ತುಂಬ ಹೊತ್ತು ಒದ್ದಾಡಿದ. ಆಗದೆ ಕೊನೆಗೆ ಕತ್ತಿಯನ್ನು ತಾನೇ ಹಿಡಿದುಕೊಂಡ. ಟೊಳ್ಳು ತೋಳು, ಕಾಣುವ ಸ್ಕ್ರೂ ಅವನಿಗೆ ಲೆಕ್ಕಕ್ಕೇ ಇಲ್ಲ. ಕೈ ಮಡಚದಿರುವುದು ಮಾತ್ರ ಅವನ ಮಟ್ಟಿಗೆ ದೊಡ್ಡ ಕೊರತೆ. ನಾಲ್ಕು ಕೀಲು ಜಾಸ್ತಿ ಹಾಕಿ, ಬಣ್ಣ ಬೇಕಾದರೆ ಇನ್ನೂ ಕಮ್ಮಿ ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಒಂದೇ ಏಟಿನದು ಅವನಿಗೆ ಆಗಲೇ ಸಾಲದಾಗುತ್ತಿದೆ ಅನ್ನಿಸುತ್ತದೆ. ಟ್ರಾನ್ಸ್‌ಫಾರ್ಮರ್ಸ್‌ನಲ್ಲಿ ಡೀಲಕ್ಸ್ ಅನ್ನುವ ಅಳತೆಯವು ಎಂಟು ದಾಟಿದವರಿಗೆ, ಹಾಗಾಗಿ ಅವಕ್ಕೆ ಇನ್ನೆರಡು ವರ್ಷ ಕಾಯಬೇಕು. ಅಲ್ಲಿಯವರೆಗೆ ಅವನ ವಯಸ್ಸಿಗೇ ಮಾಡಿದ, ಐದಾರು ಹಂತದಲ್ಲಿ ರೂಪ ಬದಲಿಸುವ, ಮೊಣಕೈ ಮಡಚುವ ಒಂದು ರೋಬೋ ಹುಡುಕಬೇಕು. ಹುಟ್ಟುಹಬ್ಬಕ್ಕೆ ಅದನ್ನೇ ಕೊಡಿಸೋಣ ಅಂತ ರಾತ್ರಿ ಅಕ್ಕನಿಗೆ ಫೋನ್ ಮಾಡಿ ಹೇಳಿದ್ದೇನೆ. ಅಂಗಡಿಯಲ್ಲಿ ಡಬ್ಬ ಬಿಚ್ಚಿ ಮೊಣಕೈ ನೋಡಿಯೇ ದುಡ್ಡು ಕೊಡುವುದು.