ಐದನೆಯ ಸ್ಥಳದ ಸಿಮೋನ

ಇಂದು ಶುಕ್ರವಾರ. ಮೈಸೂರಿನ ಅಶೋಕ ರಸ್ತೆಯ ಸಂತ ಫಿಲೋಮಿನಾ ದೇವಾಲಯಕ್ಕೆ ಹೋಗಲು ಆಗಲಿಲ್ಲ. ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ಹದಿನಾಲ್ಕು ಸ್ಥಳಗಳಲ್ಲಿ ನೆನೆಯುವ ‘ಶಿಲುಬೆಯ ಹಾದಿ’ಯ ಪ್ರಾರ್ಥನೆಯನ್ನು ಮನೆಯಲ್ಲೇ ಮಾಡಿದೆವು.

ಹದಿನಾಲ್ಕು ಸ್ಥಳಗಳ ಚಿತ್ರಗಳನ್ನು ಮಕ್ಕಳೇ ಬರೆದು ನಡುಮನೆಯ ಗೋಡೆಗೆ ಅಂಟಿಸಿದ್ದಾರೆ. ಐದನೆಯದರ ಮುಂದೆ ನಿಂತುಬಿಟ್ಟೆ. ಶಿಲುಬೆ ಹೊರಲು ನೆರವಾದ ಸಿಮೋನನ ಹೆಗಲ ಮೇಲೆ ಟವೆಲ್, ಸೊಂಟದಲ್ಲಿ ಕುಡುಗೋಲು!

“ಅವನು ಹೊಲದಿಂದ ಬರುತ್ತಿದ್ದ ಎಂದು ನೀನೇ ಹೇಳಿದೆಯಲ್ಲ ಅಮ್ಮ” ಎಂದ ಮಗ. ಮಂಡ್ಯದ ತಾತ ಗದ್ದೆಯಿಂದ ಬರುವುದು ಹಾಗೆಯೇ ಅಲ್ಲವೇ?

ಬೈಬಲಿನಲ್ಲಿ ಮಾರ್ಕನು ತನ್ನ ಶುಭಸಂದೇಶದಲ್ಲಿ ಸಿಮೋನನ ಮಕ್ಕಳ ಹೆಸರನ್ನೂ ಬರೆದಿದ್ದಾನೆ: ಅಲೆಕ್ಸಾಂಡರ್, ರೂಫ. ಎಷ್ಟು ಸಲ ಓದಿದ್ದೇನೆ, ಆದರೆ ಆ ಮಕ್ಕಳ ಬಗ್ಗೆ ಯೋಚಿಸಿದ್ದು ಇವತ್ತೇ. ದುಡಿದು ದಣಿದು ಬರುತ್ತಿದ್ದವನನ್ನು ಸೈನಿಕರು ತಡೆದು, ಬಲವಂತದಿಂದ ಶಿಲುಬೆ ಹೊರಿಸಿದರು. ಆ ರಾತ್ರಿ ಅವನು ಮಕ್ಕಳಿಗೆ ಏನು ಹೇಳಿರಬಹುದು? ಈಸ್ಟರ್‌ಗೆ ಮುಂಚಿನ ಈ ತಪಸ್ಸು ಕಾಲವೆಂದರೆ ನನಗೆ ಉಪವಾಸ, ಮಾಂಸ ಬಿಡುವುದು ಇಷ್ಟೇ ಮೊದಲು ನೆನಪಾಗುತ್ತಿತ್ತು. ಈಗ ಈ ತಂದೆ ಮನಸ್ಸಿನಿಂದ ಕದಲುತ್ತಿಲ್ಲ.

ಪ್ರಾರ್ಥನೆಯ ನಂತರ ಮುದ್ದೆ, ಬಸ್ಸಾರು. ಊಟದ ನಡುವೆಯೇ ಮಗಳು ತಕರಾರು ತೆಗೆದಳು: ಆರನೆಯ ಸ್ಥಳದಲ್ಲಿ ವೆರೋನಿಕ ಯೇಸುವಿನ ಮುಖ ಒರೆಸುವ ಬಟ್ಟೆ ಚಿಕ್ಕದಾಯಿತಂತೆ, ನಾಳೆ ಬೇರೆ ಬರೆಯುತ್ತಾಳಂತೆ.