ಮಂಗಳನ ಗುಂಡುಕಲ್ಲುಗಳು

ಮಂಗಳ ಗ್ರಹದಲ್ಲಿ ಒಂದು ಕಾಲಕ್ಕೆ ನೀರು ಹರೀತಿತ್ತು ಅನ್ನೋದಕ್ಕೆ ಏನ್ ಪ್ರೂಫು ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ತೋರ್ಸೋದು 2012ರ ಸೆಪ್ಟೆಂಬರಲ್ಲಿ ನಾಸಾ ಬಿಟ್ಟ ಫೋಟೋ. ಕ್ಯೂರಿಯಾಸಿಟಿ ರೋವರ್ (ಮಂಗಳನ ನೆಲದ ಮೇಲೆ ಓಡಾಡೋ ಗಾಲಿಯಂತ್ರ) ಗೇಲ್ ಕ್ರೇಟರಲ್ಲಿ, ಅಂದ್ರೆ ಗೇಲ್ ಅನ್ನೋ ದೊಡ್ಡ ಕುಳೀಲಿ ಇಳಿದು ಎರಡು ತಿಂಗಳೂ ಆಗಿರ್ಲಿಲ್ಲ, ಆಗ್ಲೇ ಲಿಂಕ್ ಅಂತ ಹೆಸರಿಟ್ಟ ಈ ಬಂಡೆ ಸಿಕ್ತು. ನೋಡೋಕೆ ಯಾರೋ ಅಗೆದುಹಾಕಿದ ಕಾಂಕ್ರೀಟ್ ಫುಟ್‌ಪಾತ್ ಥರ ಇದೆ. ಸವೆದ ಅಂಚಲ್ಲಿ ಮರಳಿನ ಜೊತೆ ಸಣ್ಣ ಸಣ್ಣ ಕಲ್ಲು ಗಟ್ಟಿಯಾಗಿ ಕಚ್ಕೊಂಡಿವೆ, ಉದುರಿದ್ದು ಬುಡದಲ್ಲೇ ಬಿದ್ದಿವೆ, ಮತ್ತೆ ಬಹಳಷ್ಟಕ್ಕೆ ಚೂಪು ಮೂಲೇನೇ ಇಲ್ಲ.

ಈ ಮೂಲೆ ಇಲ್ದೇ ಇರೋದೇ ವಿಷಯ. ಒಡೆದ ಕಲ್ಲು ಚೂಪಾಗೇ ಇರುತ್ತೆ, ಒಂದಕ್ಕೊಂದು ಉಜ್ಜಿ ಉರುಳ್ಕೊಂಡು ದೂರ ಬಂದ್ರೆ ಮಾತ್ರ ಹೀಗೆ ನುಣ್ಣಗಾಗೋದು. ಗಾಳಿ ಉರುಳಿಸಿರ್ಬಹುದಲ್ಲ ಅಂದ್ರೆ, ಅಲ್ಲಿ ಮರಳು ಹಾರುತ್ತೆ ನಿಜ, ಆದ್ರೆ ಇದ್ರಲ್ಲಿ ಕೆಲವು 4 ಸೆಂಟಿಮೀಟರ್‌ವರೆಗೂ ಇವೆ, ಅಷ್ಟು ದಪ್ಪ ಕಲ್ಲನ್ನ ಗಾಳಿ ಹೊತ್ಕೊಂಡು ಬರಲ್ಲ. ಕಲ್ಲಿನ ಸೈಜ್ ನೋಡೇ ವಿಜ್ಞಾನಿಗಳು ಅವನ್ನ ತಂದ ಹೊಳೆಯ ಲೆಕ್ಕಾನೂ ಹಾಕಿದ್ರು, ವೇಗ ಸೆಕೆಂಡಿಗೆ ಸುಮಾರು 1 ಮೀಟರ್, ಆಳ ಪಾದ ಮುಳುಗೋದ್ರಿಂದ ಸೊಂಟದವರೆಗೆ. ನನಗೆ ಇವತ್ತಿಗೂ ಮೈ ಜುಮ್ ಅನ್ನೋ ಲೆಕ್ಕ ಇದು, ಯಾಕಂದ್ರೆ ಇಳಿದು ದಾಟಬಹುದಾದಂಥ ಹೊಳೆ!

ಆದ್ರೆ ಗುಂಡಗಿರೋದೆಲ್ಲ ಹೊಳೇಲಿ ಉರುಳಿದ್ದಲ್ಲ, ಇದನ್ನ ಒತ್ತಿ ಹೇಳ್ಬೇಕು. 2004ರಲ್ಲಿ ಆಪರ್ಚುನಿಟಿ ರೋವರ್ ಮೆರಿಡಿಯಾನಿ ಬಯಲಲ್ಲಿ ಕೆಲವೇ ಮಿಲಿಮೀಟರಿನ ಗೋಲಿಗಳನ್ನ ಕಂಡಿತ್ತು, ಬ್ಲೂಬೆರಿ ಅಂತ ಹೆಸರಾದ್ವು. ಹೊಳೆ ತಂದಿದ್ರೆ ಒಂದು ಪದರದಲ್ಲಿ ಗುಂಪಾಗಿ ಇರ್ಬೇಕಿತ್ತು, ಇವು ಬಂಡೆ ತುಂಬಾ ಸಮನಾಗಿ ಹರಡಿದ್ವು, ಎರಡೆರಡು ಅಂಟ್ಕೊಂಡಿರೋವೂ ಇದ್ವು, ಒಳಗೆ ಹೆಮಟೈಟ್, ಅಂದ್ರೆ ಕಬ್ಬಿಣದ ಆಕ್ಸೈಡ್. ನೆಲದೊಳಗೆ ಜಿನುಗಿದ ನೀರಿಂದ ಅದು ಕಲ್ಲಿನ ಒಳಗೇ ಗಟ್ಟಿಯಾಗಿ ಬೆಳೆದದ್ದು. ಎರಡಕ್ಕೂ ನೀರೇ ಕಾರಣ, ಆದ್ರೆ ಒಂದು ನೆಲದ ಮೇಲೆ ಹರಿದದ್ದು ಇನ್ನೊಂದು ಒಳಗೆ ಇಂಗಿದ್ದು, ಹಾಗಾಗಿ ಕಲ್ಲಿನ ಆಕಾರ ನೋಡಿದ್ರೆ ಸಾಲಲ್ಲ, ಬಂಡೆಯೊಳಗೆ ಹೇಗೆ ಕೂತಿದೆ ಅಂತ್ಲೂ ನೋಡ್ಬೇಕು.

2021ರಲ್ಲಿ ಪರ್ಸಿವರೆನ್ಸ್ ರೋವರ್ ಇಳಿದ ಜೆಜೆರೊ ಕ್ರೇಟರಲ್ಲಿ ಹಳೇ ಡೆಲ್ಟಾ ಇದೆ, ಅಂದ್ರೆ ಹೊಳೆ ಕೆರೆ ಸೇರೋ ಕಡೆ ಮಣ್ಣು ಮರಳು ಪದರ ಪದರವಾಗಿ ಕೂತ ಜಾಗ. ಅದರ ಕೆಳಗಿನ ಪದರಗಳು ಕೆರೆ ನೀರಲ್ಲಿ ನಿಧಾನಕ್ಕೆ ಕೂತವು, ಮೇಲುಗಡೆ ಮಾತ್ರ ಮೀಟರ್ ಅಗಲದ ದೊಡ್ಡ ಬಂಡೆಗಳಿವೆ, ಅವನ್ನ ತರೋಕೆ ಜೋರು ಪ್ರವಾಹಾನೇ ಬೇಕು. ಅದೇ ಹೊಳೆ ಕೊನೆಕೊನೆಗೆ ಯಾಕೆ ಹೀಗೆ ಉಕ್ಕಿ ಹರೀತು ಅನ್ನೋದೇ ಈಗ ನನ್ನ ತಲೇಲಿ ಕೊರೀತಿರೋದು.